ಒಂದಕ್ಷರ ತಿದ್ದಿದ ಮಳೆಗಾಲ

ಕಾಳುಮೆಣಸಿನ ವಾಸನೆ ನನಗೆ ಹೊಸದಲ್ಲ. ಕೊಚ್ಚಿಯಲ್ಲಿ ನನ್ನ ಹೊಟ್ಟೆಪಾಡೇ ಅದು. ಎರ್ನಾಕುಲಂನ ಆಫೀಸಿನಿಂದ ವಾರಕ್ಕೆರಡು ಸಲ ವಲ್ಲಾರ್ಪಾಡದ ಬಂದರಿಗೆ ಹೋಗಿ, ಹಡಗಿಗೆ ಕಾದು ನಿಂತ ಕಂಟೇನರಿನ ಬಾಗಿಲು ತೆಗೆಸಿ, ಮೆಣಸಿನ ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತೇನೆ. ಸೀಲ್ ಹಾಕುತ್ತೇನೆ, ಸಹಿ ಹಾಕುತ್ತೇನೆ, ಬರುತ್ತೇನೆ. ಮೂಗು ಎಷ್ಟು ಪಳಗಿದೆಯೆಂದರೆ ಸೀನು ಕೂಡ ಬರುವುದಿಲ್ಲ. ಆದರೆ ಹೋದ ವಾರ ಜೋರು ಮಳೆಗೆ ಗೇಟಿನ ಮಾಡಿನಡಿ ನಿಂತಿದ್ದಾಗ, ಅಲ್ಲಿನ ಕಾವಲಿನವರು ಹಳೆಯ ಬಕೆಟಿನಲ್ಲಿ ಬೆಳೆಸಿದ್ದ ಕಾಳುಮೆಣಸಿನ ಗಿಡಕ್ಕೆ ನನ್ನ ಬ್ಯಾಗು ತಾಗಿ ಒಂದು ಎಲೆ ಹರಿಯಿತು. ಸುಮ್ಮನೆ ಬೆರಳಲ್ಲಿ ತಿಕ್ಕಿ ಮೂಸಿದೆ. ಕಾಳಿನ ವಾಸನೆ ಬೇರೆ, ಎಲೆಯ ವಾಸನೆ ಬೇರೆ. ಎಲೆಯದ್ದು ಹಸಿ ವಾಸನೆ, ವೀಳ್ಯದೆಲೆಗೆ ಹತ್ತಿರದ್ದು, ಹಿಂದಿನಿಂದ ಸಣ್ಣಗೆ ಖಾರ. ಆ ವಾಸನೆಯನ್ನು ನಾನು ಒಂದೇ ಒಂದು ಮಳೆಗಾಲ ದಿನವಿಡೀ ಮೂಸಿದ್ದೆ, ತಿರುವನಂತಪುರದಲ್ಲಿ. ಕಾಲು ಅಲ್ಲೇ ನಿಂತುಬಿಟ್ಟಿತು. ಜೀಪಿನ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ.

ಆರು ವರ್ಷವಾಯಿತು. ನನಗಾಗ ಇಪ್ಪತ್ತನಾಲ್ಕು. ಮಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ತಿರುವನಂತಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ್ದೆ. ಕಾಸರಗೋಡಿನವನು, ಕೇರಳದವನೇ, ಮಲಯಾಳ ಬರುತ್ತದೆ, ಇನ್ನೇನು ಬೇಕು ಎಂದು ಬೀಗುತ್ತಾ ಹೊರಟವನು. ಅಯ್ಯೋ! ನನ್ನ ಮಲಯಾಳ ಅಲ್ಲಿ ಚಲಾವಣೆಯಲ್ಲೇ ಇಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ನಾನು ಬಾಯಿ ತೆಗೆದರೆ ಹಾಸ್ಟೆಲಿನವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಒಬ್ಬನಂತೂ, "ಇದಕ್ಕೆ ಕೆಳಗೆ ಅಕ್ಷರ ಬರುವಂತೆ ಮಾಡಲಿಕ್ಕಾಗುತ್ತದಾ, ಸಿನಿಮಾದ ಹಾಗೆ?" ಎಂದು ಕೇಳಿದ. ಊರಿನಲ್ಲಿ ನಾನು ಕನ್ನಡದವನು, ಮಂಗಳೂರಿನಲ್ಲಿ ಕೇರಳದವನು, ಇಲ್ಲಿ ಯಾವುದೂ ಅಲ್ಲ. ಸಿಟ್ಟು ಬಂದು ಇಂಗ್ಲಿಷಿಗೆ ಇಳಿದೆ. ಇಂಗ್ಲಿಷಿನಲ್ಲಿ ಎಷ್ಟಂತ ಮಾತಾಡುವುದು? ದಿನಕ್ಕೆ ನಾಲ್ಕೈದು ವಾಕ್ಯ, ಅದೂ ಕೆಲಸದ್ದು. ಭಾನುವಾರ ಅದೂ ಇಲ್ಲ. ಸಂಜೆ ಅಕ್ಕನಿಗೆ ಫೋನ್ ಮಾಡಿದಾಗ ಬೆಳಗಿನಿಂದ ಮುಚ್ಚಿದ್ದ ಗಂಟಲು ಮೊದಲ ಎರಡು ಮಾತಿಗೆ ಕರಕರ ಎನ್ನುತ್ತಿತ್ತು.

"ಎಂತ ಮಾರಾಯ, ಶೀತವಾ?" ಎಂದು ಅವಳು ಕೇಳುವುದು. ಅಕ್ಕ ಕಾಸರಗೋಡಿನಲ್ಲಿ ವಕೀಲೆ. ಕೋರ್ಟಿನಲ್ಲಿ ದಿನವಿಡೀ ಮಾತಾಡುವವಳಿಗೆ ಮಾತಾಡದೆ ಗಂಟಲು ಕಟ್ಟುತ್ತದೆ ಎಂದರೆ ಹೇಗೆ ಗೊತ್ತಾಗಬೇಕು!

ಕೇರಳದ ಮಳೆ ಮೊದಲು ಇಳಿಯುವುದೇ ಆ ಕಡೆ. ಮೇ ಮುಗಿಯುವುದರೊಳಗೆ ನನ್ನ ಕೋಣೆಯ ಗೋಡೆ ಬೆವರಿತು, ಪುಸ್ತಕ ಬಾಗಿತು, ಪ್ಯಾಂಟು ಮೂರು ದಿನವಾದರೂ ಒಣಗಲಿಲ್ಲ. ಹಾಗೆ ಹಸಿ ಹಸಿಯಾಗಿಯೇ ಲ್ಯಾಬಿಗೆ ಹೋಗಿ ಕೂರುತ್ತಿದ್ದೆ.

ನಮ್ಮ ಸರ್ ಗಿಡಗಳ ಮೈಟೋಕಾಂಡ್ರಿಯಾದ ಮೇಲೆ ಕೆಲಸ ಮಾಡುತ್ತಿದ್ದರು. ಜೀವಕೋಶದೊಳಗೆ ಒಲೆಯಂತೆ ಉರಿಯುವ ಆ ಕಣಗಳಿಗೆ ತಮ್ಮದೇ ಡಿಎನ್‌ಎ ಇರುತ್ತದೆ. ಡಿಎನ್‌ಎ ಎಂದರೆ ನಾಲ್ಕೇ ಅಕ್ಷರದ ಬರಹ, ಎ, ಸಿ, ಜಿ, ಟಿ. ಮೂರು ಮೂರು ಅಕ್ಷರ ಸೇರಿ ಒಂದೊಂದು ಪದ. ಈ ಬರಹದಿಂದ ಆರ್‌ಎನ್‌ಎ ಎಂಬ ಪ್ರತಿ ತೆಗೆದು, ಆ ಪ್ರತಿ ನೋಡಿ ಜೀವಕೋಶ ಪ್ರೋಟೀನು ಕಟ್ಟುತ್ತದೆ. 'ಇಲ್ಲಿಂದ ಓದಲು ಶುರುಮಾಡು' ಎನ್ನುವ ಪದ ಎಟಿಜಿ. ಇಷ್ಟು ಕಾಲೇಜಿನ ಪಾಠ. ಗಿಡಗಳ ಮೈಟೋಕಾಂಡ್ರಿಯಾದ ತಮಾಷೆ ಏನೆಂದರೆ, ಮೂಲದ ಬರಹದಲ್ಲಿ ಅಲ್ಲಲ್ಲಿ ತಪ್ಪಿರುತ್ತದೆ. ಪ್ರತಿ ತೆಗೆದ ಮೇಲೆ ಗಿಡವೇ ಕೂತು ಅದನ್ನು ತಿದ್ದಿಕೊಳ್ಳುತ್ತದೆ. ಮೂಲದಲ್ಲಿ ಸಿ ಇದ್ದದ್ದು ಪ್ರತಿಯಲ್ಲಿ ಟಿ ಆಗುತ್ತದೆ. (ನಿಜ ಹೇಳುವುದಾದರೆ ಯು ಆಗುತ್ತದೆ, ನಾವು ಫೈಲಿನಲ್ಲಿ ಟಿ ಎಂದೇ ಬರೆಯುವುದು ರೂಢಿ.) ಮೂಲದಲ್ಲಿ ಮಾತ್ರ ಆ ತಪ್ಪು ತಲೆತಲಾಂತರ ಹಾಗೇ. ಪ್ರತಿ ಸಲ ಪ್ರತಿ ತೆಗೆದಾಗಲೂ ಹೊಸದಾಗಿ ತಿದ್ದಬೇಕು. ಇದಕ್ಕೆ ಆರ್‌ಎನ್‌ಎ ತಿದ್ದುಪಡಿ ಎನ್ನುತ್ತಾರೆ. ಕಾಳುಮೆಣಸಿನಲ್ಲಿ ಈ ತಿದ್ದುಪಡಿ ಎಲ್ಲೆಲ್ಲಿ ಆಗುತ್ತದೆ ಎಂದು ಪಟ್ಟಿ ಮಾಡುವುದು ನಮ್ಮ ಪ್ರಾಜೆಕ್ಟು. ಡಿಎನ್‌ಎಯ ಓದು ಒಂದು ಕಡೆ, ಆರ್‌ಎನ್‌ಎಯ ಓದು ಒಂದು ಕಡೆ ಇಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸುವುದು ನನ್ನ ಕೆಲಸ.

ಎಲೆಯಿಂದ ಡಿಎನ್‌ಎ ತೆಗೆದು ಕೊಡುತ್ತಿದ್ದವರು ಶೈಲಜ ಚೇಚಿ. ಚೇಚಿ ಎಂದರೆ ಅಕ್ಕ. ಐವತ್ತರ ಹತ್ತಿರದವರು, ಗುಜ್ಜು, ನೆತ್ತಿಯಲ್ಲಿ ಯಾವಾಗಲೂ ಒಂದು ಎಸಳು ತುಳಸಿ. ಹದಿನಾಲ್ಕು ವರ್ಷದಿಂದ ಅಲ್ಲೇ, ಆದರೆ ಕಾಂಟ್ರಾಕ್ಟಿನಲ್ಲಿ. ಪ್ರತಿ ಆಗಸ್ಟಿಗೆ ಹೆಸರಿನ ಪಟ್ಟಿ ಹೋಗುತ್ತದೆ, ಇನ್ನೊಂದು ವರ್ಷ ಸಿಗುತ್ತದೆ. ಮೆಣಸಿನೆಲೆ ಹೇಳಿದ ಮಾತು ಕೇಳುವ ಎಲೆಯಲ್ಲ. ಅರೆದರೆ ಲೋಳೆ, ಎರಡು ನಿಮಿಷ ಬಿಟ್ಟರೆ ಕಪ್ಪು. ಪಿಎಚ್‌.ಡಿ. ಮಾಡುವವರು ಮೂರು ಸಲ ಕೈಸುಟ್ಟುಕೊಂಡು ಕೊನೆಗೆ ಚೇಚಿಯ ಹತ್ತಿರ ಹೋಗುತ್ತಿದ್ದರು. "ಚೇಚಿಯ ಕೈ ತಾಗಿದರೆ ಬರುತ್ತದೆ" ಎನ್ನುವುದು ಆ ಲ್ಯಾಬಿನ ಗಾದೆ. ಚೇಚಿಗೂ ಅದು ಗೊತ್ತಿತ್ತು. ಹೆಮ್ಮೆಯನ್ನು ಮುಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ.

ನನ್ನ ಮಲಯಾಳಕ್ಕೆ ನಗದೆ ಇದ್ದವರು ಅವರೊಬ್ಬರೇ. ತಪ್ಪು, ನಕ್ಕರು, ಆದರೆ ನಕ್ಕು ಮುಗಿಸಿ ಉತ್ತರ ಕೊಟ್ಟರು. ಸೋಸುವ ಬಟ್ಟೆ ತರಿಸಿದ್ದು ಬಂದಿರಲಿಲ್ಲವೆಂದು ಒಂದು ಮಧ್ಯಾಹ್ನ ನನ್ನನ್ನು ಕರೆದುಕೊಂಡು ಚಾಲೈ ಪೇಟೆಗೆ ಹೋದರು. ಕೊಡೆಗೆ ಕೊಡೆ ತಾಗುವ ಆ ಬೀದಿಯಲ್ಲಿ, ಅಂಗಡಿಯವರು ತೋರಿಸಿದ ಐದಾರು ಮಸ್ಲಿನ್ ಬಟ್ಟೆಗಳನ್ನು ಬೆಳಕಿಗೆ ಹಿಡಿದು, ಒದ್ದೆ ಮಾಡಿ ಹಿಂಡಿ, ಯಾವುದೂ ಆಗದು ಎಂದು ಮುಂದಿನ ಅಂಗಡಿಗೆ ಹೊರಟರು. ಮದುವೆ ಜವಳಿಗೂ ಜನ ಅಷ್ಟು ಸತಾಯಿಸುವುದಿಲ್ಲ. ದಾರಿಯಲ್ಲಿ ಮೆಣಸಿನ ಮಂಡಿಯ ಮುಂದೆ ನಿಂತು, "ನಲ್ಲಮುಳಕು" ಎಂದು ತೋರಿಸಿದರು. ನಾನು ಬೆಚ್ಚಿದೆ. ಕಾಳುಮೆಣಸಿಗೆ ನಾವು ಮನೆಯಲ್ಲಿ ಒಳ್ಳೆಮೆಣಸು ಎನ್ನುವುದು. ನಲ್ಲ ಎಂದರೆ ಒಳ್ಳೆಯದು. ಪದಕ್ಕೆ ಪದ ಅದೇ. "ನಮ್ಮದೂ ಒಳ್ಳೆಮೆಣಸೇ ಚೇಚೀ!" ಎಂದು ನಾನು ಬೀದಿಯಲ್ಲೇ ಕೂಗಿದಾಗ ಅವರು, "ಮತ್ತೆ? ನಿಮ್ಮದೇನು ಕೆಟ್ಟ ಮೆಣಸಾ?" ಎಂದರು. ಎರಡು ತಿಂಗಳಲ್ಲಿ ನಾನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಚೇಚಿಯ ಮಾತು ಈಗ ನನ್ನ ಕಿವಿಯಲ್ಲಿ ನಮ್ಮ ಊರಿನ ಕನ್ನಡದಲ್ಲೇ ಕೇಳುತ್ತದೆ, ಹಾಗಾಗಿ ಇಲ್ಲೂ ಹಾಗೇ ಬರೆಯುತ್ತಿದ್ದೇನೆ.

ಅಂದಿನಿಂದ ಮಧ್ಯಾಹ್ನದ ಊಟ ಅವರ ಜೊತೆ. ನಾನು ಮೀನು ತಿನ್ನದವನೆಂದು ತಿಳಿದ ಮೇಲೆ ಮೀನಿನ ಡಬ್ಬಿ ಬೇರೆ, ನನಗೆ ತರುವ ಡಬ್ಬಿ ಬೇರೆ. ಮಜ್ಜಿಗೆ ಕರಿ, ಹುರಿದ ಹಾಗಲ, ಉಪ್ಪುಮಾವಿನಕಾಯಿ. ನನ್ನ ಕೆಲಸ ಏನೆಂದು ಕೇಳಿದರು. ಮೂಲದಲ್ಲಿ ತಪ್ಪಿರುತ್ತದೆ, ಪ್ರತಿಯಲ್ಲಿ ತಿದ್ದುತ್ತದೆ ಎಂದು ಹೇಳಿದೆ. ಹದಿನಾಲ್ಕು ವರ್ಷ ಎಲೆ ಅರೆದು ಕೊಟ್ಟವರಿಗೆ ಅದನ್ನು ಯಾರೂ ಹಾಗೆ ಹೇಳಿರಲಿಲ್ಲವಂತೆ. "ಓಹೋ, ಒಳಗೆ ಎಷ್ಟು ಹುಳುಕಿದ್ದರೂ ಹೊರಗೆ ನಡೆಸಿಕೊಂಡು ಹೋಗುವುದು. ನಮ್ಮ ಮನೆಗಳ ಹಾಗೆಯೇ ಆಯಿತಲ್ಲ!" ಎಂದರು.

ಇನ್ನು ನನ್ನ ಘನಕಾರ್ಯ. ಜೂನ್ ಕೊನೆಯ ಒಂದು ಶುಕ್ರವಾರ, ಒಂದು ಜೀನಿನ ತಲೆಯ ಭಾಗದ ಓದು ಬಂತು. ಈ ಓದು ಬರುವುದು ಬಣ್ಣದ ಗುಡ್ಡಗಳ ಸಾಲಾಗಿ. ಎ ಎಂದರೆ ಹಸಿರು ಗುಡ್ಡ, ಸಿ ನೀಲಿ, ಜಿ ಕಪ್ಪು, ಟಿ ಕೆಂಪು. ಚೇಚಿ ಕೊಟ್ಟ ಡಿಎನ್‌ಎಯ ಸಾಲಿನಲ್ಲಿ ಎಟಿಜಿ ಇರಬೇಕಾದ ಜಾಗದಲ್ಲಿ ಎಸಿಜಿ ಎಂದು ಬಂದಿತ್ತು. ಶುರುವಿನ ಪದವೇ ಇಲ್ಲ! ಸಾಲಿನ ಆರಂಭದಲ್ಲಿ ಗುಡ್ಡಗಳು ಸ್ವಲ್ಪ ಒಂದರ ಮೇಲೊಂದು ಬೀಳುವುದು ಸಾಮಾನ್ಯ. ಇಲ್ಲೂ ನೀಲಿಯ ಬುಡದಲ್ಲಿ ಸಣ್ಣದೊಂದು ಕೆಂಪು ಇತ್ತು. ತಿದ್ದುಪಡಿ ಜೀನಿನ ನಡುನಡುವೆ ಆಗುತ್ತದೆಂದು ನನಗೆ ಗೊತ್ತಿತ್ತು. ಆದರೆ ಶುರುವಿನ ಪದವೇ ಮೂಲದಲ್ಲಿ ಇಲ್ಲದೆ, ತಿದ್ದುಪಡಿಯಿಂದಲೇ ಅದು ಹುಟ್ಟಬಹುದೆಂದು ನನ್ನ ತಲೆಗೆ ಹೊಳೆಯಲಿಲ್ಲ. ಬಾಗಿಲೇ ಇಲ್ಲದ ಮನೆ ಇರುತ್ತದೆಯೇ? ಮೆಷಿನ್ನಿಗೆ ಏನೋ ಭ್ರಮೆ ಎಂದುಕೊಂಡೆ. ಸಿ ಅಳಿಸಿ ಟಿ ಹಾಕಿದೆ.

ಆ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮೆಷಿನ್ ಓದಿದ ಅಕ್ಷರ ದೊಡ್ಡಕ್ಷರದಲ್ಲಿ ಇರಬೇಕು. ಮನುಷ್ಯ ಕೈಯಿಂದ ತಿದ್ದಿದ ಅಕ್ಷರವನ್ನು ಸಣ್ಣಕ್ಷರದಲ್ಲಿ ಬರೆಯಬೇಕು. ಆಗ ಯಾರು ನೋಡಿದರೂ ಇಲ್ಲಿ ಕೈಯಾಡಿದೆ ಎಂದು ಗೊತ್ತಾಗುತ್ತದೆ. ಸರ್ ಮೊದಲ ದಿನವೇ ಹೇಳಿದ್ದರು. ನಾನು ದೊಡ್ಡ ಟಿ ಹಾಕಿದೆ. ಮರೆತು ಹಾಕಿದ್ದಲ್ಲ. ಸಣ್ಣ ಟಿ ಕಂಡರೆ ಸರ್ ಕೇಳುತ್ತಾರೆ, ಕೇಳಿದರೆ ಇಂಗ್ಲಿಷಿನಲ್ಲಿ ವಿವರಿಸಬೇಕು, ಹೊರಗೆ ಮಳೆ, ಶುಕ್ರವಾರ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ನನಗೇ ಸಮಾಧಾನವಾಗುತ್ತಿತ್ತು.

ಸೋಮವಾರ ಸರ್ ಕುಣಿಯುವುದೊಂದೇ ಬಾಕಿ. ಬೇರೆ ಗಿಡಗಳಲ್ಲಿ ಆ ಜೀನಿನ ಶುರುವಿಗೆ ಮೂಲದಲ್ಲಿ ಎಸಿಜಿ ಇರುತ್ತದಂತೆ, ಪ್ರತಿಯಲ್ಲಿ ತಿದ್ದಿದ ಮೇಲೆ ಎಟಿಜಿ ಆಗುತ್ತದಂತೆ. ನಮ್ಮ ಮೆಣಸು ಮಾತ್ರ ಮೂಲವನ್ನೇ ಸರಿಮಾಡಿಕೊಂಡು ಬಿಟ್ಟಿದೆ! "ಕೆಲವು ಜೀನುಗಳು ಜಿಟಿಜಿಯಿಂದ ಶುರುವಾಗುತ್ತವೆ, ಯಾರೂ ತಿದ್ದುವುದಿಲ್ಲ. ಕೆಲವಕ್ಕೆ ಶುರು ಎಲ್ಲಿ ಎಂದೇ ಇನ್ನೂ ಗೊತ್ತಿಲ್ಲ. ಇದು ನೋಡು, ತಿದ್ದುವ ಗೋಜೇ ಬೇಡವೆಂದು ಕೂತಿದೆ" ಎಂದು ಬೋರ್ಡಿನ ಮೇಲೆ ಬರೆದು ಬರೆದು ತೋರಿಸಿದರು. ಎಸಿಜಿ ಎಂಬ ಪದ ಇರಬಹುದು ಎಂದು ಆಗ ಮೊದಲ ಸಲ ಕೇಳಿದ್ದು. ಆದರೆ ಬುಡದಲ್ಲಿ ಕೆಂಪು ಇತ್ತಲ್ಲ, ನಾನು ಸರಿಯಾಗಿಯೇ ನೋಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಳೆಯ ಫೈಲು ತೆರೆದು ನೋಡಲಿಲ್ಲ. ನೋಡಲು ಹೆದರಿಕೆ.

ಜುಲೈಯಲ್ಲಿ ಪ್ರಾಜೆಕ್ಟಿನ ಪರಿಶೀಲನಾ ಸಭೆ ಎರ್ನಾಕುಲಂನಲ್ಲಿತ್ತು. ಸರ್ ಜೊತೆ ನಾನೂ ಹೋದೆ. ಹಿಂದಿನ ಸಾಲಿನಲ್ಲಿ ಕೂತು ಸರ್ ಆ ಟಿಯನ್ನು ಪರದೆ ತುಂಬ ತೋರಿಸುವುದನ್ನು ಕಂಡೆ. ಸಮಿತಿಯಲ್ಲಿ ವಯಸ್ಸಾದ ಒಬ್ಬ ಮೇಡಂ ಇದ್ದರು. ಕನ್ನಡಕ ತೆಗೆದು, "ಚೆನ್ನಾಗಿದೆ. ಬೇರೆ ಬಳ್ಳಿಯ ಎಲೆ ತೆಗೆದು ಇನ್ನೊಮ್ಮೆ ಮಾಡಿ, ಆಮೇಲೆ ನಂಬೋಣ" ಎಂದರು. ಅಷ್ಟೇ. ವಾಪಸು ಬರುವ ಟ್ರೇನಿನಲ್ಲಿ ಸರ್ ನನಗೆ ಪಳಂಪೊರಿ ಕೊಡಿಸಿ, "ಇನ್ನೊಮ್ಮೆ ಮಾಡಿದರೂ ಅದೇ ಬರುತ್ತದೆ, ಶೈಲಜ ಮಾಡಿದ್ದಲ್ಲವಾ" ಎಂದರು. ಬಾಳೆಹಣ್ಣಿನ ಆ ಬಜ್ಜಿಯನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ.

ಚೇಚಿ ಹೊಸ ಎಲೆ ತಂದು, ಅರೆದು, ಚಾಲೈಯ ಬಟ್ಟೆಯಲ್ಲೇ ಸೋಸಿ, ಮೂರು ಬಳ್ಳಿಯ ಡಿಎನ್‌ಎ ತೆಗೆದುಕೊಟ್ಟರು. ಹತ್ತು ದಿನದ ಮೇಲೆ ಓದು ಬಂತು. ಮೂರರಲ್ಲೂ ಎಸಿಜಿ. ನೀಲಿ ಗುಡ್ಡ ನೆಟ್ಟಗೆ ನಿಂತಿತ್ತು. ಆಗ ಹಳೆಯ ಫೈಲು ತೆರೆದೆ. ಅಲ್ಲೂ ನೀಲಿಯೇ. ಬುಡದ ಕೆಂಪು ಬರೀ ನೆರಳು, ಕಣ್ಣಿದ್ದವರು ಯಾರಾದರೂ ಹೇಳುತ್ತಿದ್ದರು. ಅಲ್ಪವಿದ್ಯಾ ಮಹಾಗರ್ವಿ ಎಂದು ಊರಲ್ಲಿ ಹೇಳುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಅಷ್ಟರಲ್ಲಿ ಸರ್ ಬಂದರು. ಹಿಂದೆ ಟ್ರೇ ಹಿಡಿದುಕೊಂಡು ಚೇಚಿ. ಸರ್ ಮುಖ ಬಾಡಿತ್ತು. ಸಮಿತಿಗೆ ಏನೆಂದು ಬರೆಯುವುದು?

"ಪ್ರಸಾದ್, ಮೊದಲ ಸಲದ ಓದು ಕ್ಲೀನ್ ಇತ್ತಲ್ಲ? ನೀನು ನೋಡಿದ್ದೀಯಲ್ಲ?"

"ಇತ್ತು ಸರ್."

ಇಷ್ಟೇ ನಾನು ಹೇಳಿದ್ದು. ಎರಡು ಪದ. ಸರ್ ಆ ಫೈಲು ತೆರೆದು ನೋಡಿದ್ದರೆ ಎರಡು ನಿಮಿಷದ ಕೆಲಸ. ನೋಡಲಿಲ್ಲ, ನನ್ನನ್ನು ನಂಬಿದರು. ಓದು ಸರಿಯಿದ್ದರೆ ತಪ್ಪು ಟ್ಯೂಬಿನಲ್ಲೇ ಇರಬೇಕು. ಆರ್‌ಎನ್‌ಎಯಿಂದ ಮಾಡಿದ ಪ್ರತಿ ಮೂಲ ಡಿಎನ್‌ಎಯ ಟ್ಯೂಬಿಗೆ ಬೆರಕೆಯಾದರೆ ಹೀಗೆ ಮೂಲದಲ್ಲೂ ಟಿ ಕಾಣುತ್ತದೆ. ಓದಿದ್ದು ಚಿಕ್ಕ ತುಂಡು, ಅದರಲ್ಲಿ ತಿದ್ದುವ ಜಾಗ ಅದೊಂದೇ, ಹಾಗಾಗಿ ಬೇರೆ ಗುರುತೂ ಸಿಗುವುದಿಲ್ಲ. ಸರ್ ಇದನ್ನೆಲ್ಲ ಮೆಲ್ಲಗೆ, ಬೈಯದೆಯೇ ಹೇಳಿದರು. ಚೇಚಿಯ ಕಡೆ ತಿರುಗಿ, "ವಯಸ್ಸಾಯಿತು ಶೈಲಜ, ಕಣ್ಣು ತೋರಿಸಿಕೊಳ್ಳಿ" ಎಂದರು. ಚೇಚಿ ಟ್ರೇಯನ್ನು ಮೇಜಿನ ಮೇಲಿಟ್ಟು ತಮ್ಮ ಎರಡು ಕೈಯನ್ನೂ ನೋಡಿಕೊಂಡರು. ಅವರು ಹೊಸ ಎಲೆ ತಂದು ಚೊಕ್ಕವಾಗಿ ಮಾಡಿದ ಕೆಲಸವೇ ಅವರ ಮೇಲೆ ಸಾಕ್ಷಿಯಾಯಿತು.

ಮುಂದಿನ ಹತ್ತು ದಿನ ನಾನು ಬಾಯಿ ತೆಗೆಯಲಿಲ್ಲ. ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಸರ್ ಏನು ಮಾಡಿಯಾರು, ನನ್ನನ್ನು ಮನೆಗೆ ಕಳಿಸಿಯಾರು, ಅಷ್ಟೇ ತಾನೇ? ಅದಕ್ಕೇ ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಮಧ್ಯಾಹ್ನ ಒಬ್ಬನೇ ಊಟ ಮಾಡಬೇಕಾಗುತ್ತದೆ ಎಂದು ಹೆದರಿದೆ. ಓದಿದವರು ನಗಬಹುದು, ನಿಜ ಮಾತ್ರ ಅದೇ. ಆ ಊರಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದ ಒಬ್ಬರನ್ನು ಕಳೆದುಕೊಳ್ಳಬಾರದೆಂದು ಅವರಿಗೇ ಅನ್ಯಾಯ ಮಾಡುತ್ತಾ ಅವರ ಡಬ್ಬಿಯಿಂದಲೇ ಉಂಡೆ.

ಚೇಚಿ ಬದಲಾಗುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ರ್‍ಯಾಕುಗಳನ್ನೆಲ್ಲ ತೊಳೆಯುತ್ತಿದ್ದರು. ಒಂದೊಂದು ಟ್ಯೂಬಿನ ಹೆಸರನ್ನೂ ಎರಡೆರಡು ಸಲ ಬರೆಯುತ್ತಿದ್ದರು. ಪಿಪೆಟ್ ತುದಿ ಬದಲಾಯಿಸಿ, ಬದಲಾಯಿಸಿದೆನೋ ಇಲ್ಲವೋ ಎಂದು ನಿಂತು, ಅದನ್ನೂ ಎಸೆದು ಇನ್ನೊಂದು ಹಾಕುತ್ತಿದ್ದರು. ಊಟದ ಹೊತ್ತಿಗೆ ಕೇಳುತ್ತಿದ್ದರು.

"ಅವತ್ತು ನಾನು ಯಾವ ಪಿಪೆಟ್ ಹಿಡಿದಿದ್ದೆ, ನಿನಗೇನಾದರೂ ನೆನಪುಂಟಾ ಮೋನೇ?"

"ಇಲ್ಲ ಚೇಚಿ."

"ಆರ್‌ಎನ್‌ಎ ಟ್ಯೂಬುಗಳು ಆ ಕಡೆ ಫ್ರಿಜ್ಜಿನಲ್ಲಿದ್ದವು. ನಾನು ಆ ಕಡೆಗೇ ಹೋಗಿರಲಿಲ್ಲ. ಹೋಗಿದ್ದೆನಾ?"

ನಾನು ಮಜ್ಜಿಗೆ ಕರಿ ಕಲಸುತ್ತಿದ್ದೆ. ಮೋನೇ ಎಂದರೆ ಮಗನೇ. ಆ ಪದ ಕೇಳಿದಾಗಲೆಲ್ಲ ಕಣ್ಣು ಡಬ್ಬಿಯಿಂದ ಏಳುತ್ತಿರಲಿಲ್ಲ. ಆದರೂ ಉಣ್ಣುತ್ತಿದ್ದೆ.

ಹತ್ತನೇ ದಿನ ಸಂಜೆ ಅಕ್ಕನಿಗೆ ಫೋನು ಮಾಡಿ, ನನ್ನ ಸ್ನೇಹಿತನೊಬ್ಬನ ಕಥೆ ಹೇಳಿದೆ. ಆ ಸ್ನೇಹಿತ ಹೀಗೆ ಮಾಡಿದನಂತೆ, ಹಾಗಾಯಿತಂತೆ, ಈಗ ಅವನು ಏನು ಮಾಡಬೇಕು?

"ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನಗೆ ಅಲ್ಲಿ ಸ್ನೇಹಿತರು ಯಾರಿದ್ದಾರೆ ಮಾರಾಯ?" ಎಂದಳು ಅಕ್ಕ.

ಆಮೇಲೆ ವಕೀಲೆಯ ಸ್ವರ ಬಿಟ್ಟು ಹೇಳಿದಳು, "ನೋಡು, ತಿದ್ದಿದ್ದು ತಪ್ಪು. ಅದು ಯಾರಿಗೂ ಆಗುತ್ತದೆ. ಅವರ ಎದುರು ನಿಂತು ಸುಳ್ಳು ಹೇಳಿದ್ದು ಬೇರೆ. ಸರ್ ಹತ್ತಿರ ನಾಳೆ ಹೋಗು. ಅದಕ್ಕಿಂತ ಮೊದಲು ಆ ಹೆಂಗಸಿಗೆ ಹೇಳು. ಮೊದಲು ಅವರಿಗೆ, ತಿಳಿಯಿತಾ?"

ತಿಳಿಯಿತು ಎಂದೆ. ಮರುದಿನ ಮೊದಲು ಸರ್ ಹತ್ತಿರ ಹೋದೆ. ಚೇಚಿಯ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಸರ್ ಕೋಣೆಯಲ್ಲಿ ಹಳೆಯ ಫೈಲು ತೆರೆದು ತೋರಿಸಿದೆ, ನೀಲಿ ಗುಡ್ಡ, ಅದರ ಕೆಳಗೆ ನನ್ನ ದೊಡ್ಡ ಟಿ. ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸಣ್ಣ ಟಿ ಹಾಕಿದ್ದರೆ ಸಾಕಿತ್ತಲ್ಲಪ್ಪಾ" ಎಂದರು. ಆಮೇಲೆ, "ಕಾಂಟ್ರಾಕ್ಟಿನವರ ಪಟ್ಟಿ ಮೊನ್ನೆ ಕಳಿಸಿಬಿಟ್ಟೆ. ಈ ಸಲ ಒಂದು ಹೆಸರು ಕಡಿಮೆ ಮಾಡಿ ಎಂದು ಮೇಲಿನವರು ಕೇಳಿದ್ದರು" ಎಂದರು.

ಯಾರ ಹೆಸರೆಂದು ನಾನು ಕೇಳಲಿಲ್ಲ. ಸರ್ ಕೆಟ್ಟವರಲ್ಲ. ಅಂದೇ ಪತ್ರ ಬರೆದರು, ನನ್ನೆದುರಿಗೇ ಫೋನು ಮಾಡಿದರು, ಎರಡು ಸಲ ಮೇಲಿನ ಆಫೀಸಿಗೆ ಹೋಗಿ ಬಂದರು. ಹೋದ ಪಟ್ಟಿ ವಾಪಸು ಬರಲಿಲ್ಲ. ಮುಂದಿನ ವರ್ಷ ನೋಡೋಣ ಎಂದರಂತೆ. ಚೇಚಿಗೆ ವಿಷಯವನ್ನು ಸರ್ ತಾವೇ ಹೇಳುವುದಾಗಿ ಅಂದರು, ಆದರೆ ಹೇಳುವುದರೊಳಗೆ ಕೆಲಸ ಮುಗಿಯಿತೆಂಬ ಕಾಗದ ಚೇಚಿಯ ಕೈ ಸೇರಿತ್ತು. ಅವರು ಯಾರಿಗೂ ಹೇಳದೆ, ರ್‍ಯಾಕು ತೊಳೆದಿಟ್ಟು, ಸೋಸುವ ಬಟ್ಟೆ ಒಗೆದು ಹರವಿ, ಮಧ್ಯಾಹ್ನವೇ ಹೊರಟುಹೋಗಿದ್ದರು. ಆ ದಿನ ನನಗೂ ಒಂದು ಡಬ್ಬಿ ಇಟ್ಟಿದ್ದರು. ಅದನ್ನು ಮುಟ್ಟಲಾಗಲಿಲ್ಲ, ಹಾಗೆಂದು ಚೆಲ್ಲಲೂ ಆಗಲಿಲ್ಲ. ಸಂಜೆಯವರೆಗೂ ಮೇಜಿನ ಮೇಲೆಯೇ ಇತ್ತು.

ಭಾನುವಾರ ಬೆಳಿಗ್ಗೆ ಕಿಳಕ್ಕೇಕೋಟ್ಟದಿಂದ ಬಸ್ಸು ಹಿಡಿದು ಚೇಚಿಯ ಊರಾದ ಕರಮನಕ್ಕೆ ಹೋದೆ. ಡಬ್ಬಿ ತೊಳೆದು ತಂದಿದ್ದೆ. ಮಳೆ ಬಿಟ್ಟಿತ್ತು, ನದಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಚೇಚಿಯ ಮನೆ ಒಂದು ಓಣಿಯ ಕೊನೆಗೆ, ಸಣ್ಣ ಹಂಚಿನ ಮನೆ, ಮುಂದೆ ಕಬ್ಬಿಣದ ಗೇಟು. ಚೇಚಿ ಒಬ್ಬರೇ ಇದ್ದರು. ನನ್ನನ್ನು ಕಂಡು, "ಹೋ, ಕಾಸರಗೋಡಿನವನು ಇಲ್ಲಿಯವರೆಗೆ ಬಂದೆಯಲ್ಲ!" ಎಂದು ಎಂದಿನಂತೆಯೇ ಸ್ವಾಗತಿಸಿದರು. ಒಳಗೆ ಕೂರಿಸಿ ಚಹಾ ಕೊಟ್ಟರು. ಚಹಾಕ್ಕೆ ಸಕ್ಕರೆ ಹಾಕಿದ್ದರು. ಒಂದು ಗಳಿಗೆ ಬಿಟ್ಟು, "ಸಕ್ಕರೆ ಹಾಕಿದೆನಾ?" ಎಂದು ಕೇಳಿದರು. ನಾನು ಹೌದೆಂದೆ. ಆದರೂ ಒಂದು ಚಮಚ ತೆಗೆದುಕೊಂಡು ರುಚಿ ನೋಡಿದರು.

ಆಗ ಹೇಳಿದೆ. ಎಲ್ಲ ಹೇಳಿದೆ. ಶುಕ್ರವಾರ, ನೀಲಿ ಗುಡ್ಡ, ದೊಡ್ಡ ಟಿ, "ಇತ್ತು ಸರ್". ನನ್ನ ಮಲಯಾಳ ಕಾಸರಗೋಡಿನದ್ದೇ ಆಗಿತ್ತು, ಅದರಲ್ಲಿ ಕನ್ನಡವೂ ಸೇರಿತು, ಅವರಿಗೆ ಎಲ್ಲ ಅರ್ಥವಾಯಿತು. ಅಳಬಾರದೆಂದು ಬಂದಿದ್ದೆ, ಅತ್ತುಬಿಟ್ಟೆ.

ಚೇಚಿ ಮುಖ ತಿರುಗಿಸಲಿಲ್ಲ. ಕೊನೆಯವರೆಗೂ ಕೇಳಿ, ಮಡಿಲಲ್ಲಿದ್ದ ಕೈಗಳನ್ನು ಮಗುಚಿ ನೋಡಿದರು.

"ಅಂದರೆ ನನ್ನ ಟ್ಯೂಬು ಸರಿಯಿತ್ತು."

"ಸರಿಯಿತ್ತು ಚೇಚಿ. ನಾಲ್ಕೂ ಟ್ಯೂಬು ಸರಿಯಿತ್ತು."

"ಕಣ್ಣಿನ ಡಾಕ್ಟರರ ಹತ್ತಿರ ಹೋಗಿದ್ದೆ. ಕಣ್ಣು ಸರಿಯುಂಟು ಎಂದರು. ಹಾಗಾದರೆ ತಲೆಯೇ ಹೋಯಿತೇನೋ ಎಂದುಕೊಂಡೆ. ನನ್ನ ಅಮ್ಮನಿಗೆ ಕೊನೆಗೆ ಮರೆವು ಬಂದಿತ್ತು, ನಮ್ಮನ್ನೇ ಗುರುತಿಸುತ್ತಿರಲಿಲ್ಲ. ನನಗೂ ಶುರುವಾಯಿತು ಎಂದುಕೊಂಡೆ. ಅಡಿಗೆಗೆ ಉಪ್ಪು ಹಾಕಿ ಚೀಟಿಯಲ್ಲಿ ಬರೆದಿಡುತ್ತಿದ್ದೆ ಮೋನೇ."

ನಾನು ಚಹಾದ ಲೋಟ ಕೆಳಗಿಟ್ಟೆ. ಅವರೇ ಮುಂದುವರಿಸಿದರು.

"ಕೆಲಸ ಹೋಗುವುದು ಬರುವುದು ಇರುತ್ತದೆ. ಪ್ರತಿ ಆಗಸ್ಟಿಗೂ ನಾನು ಗಂಟುಮೂಟೆ ಕಟ್ಟಿಕೊಂಡೇ ಕೂತವಳು. ಸರ್‌ಗೆ ಹೇಳಲು ನಿನಗೆ ಹೆದರಿಕೆ, ಸರಿ. ಆದರೆ ನನಗೆ ಹೇಳಬಹುದಿತ್ತಲ್ಲ? ಊಟ ಮಾಡುವಾಗ, ಮೆಲ್ಲಗೆ, ಚೇಚೀ ನಿಮ್ಮ ಕೈ ಸರಿಯುಂಟು ಎಂದು. ಇಷ್ಟು ಹೇಳಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ."

ಇದೇ ಮಾತನ್ನು ಅಕ್ಕ ಹೇಳಿದ್ದಳು. ಮೊದಲು ಅವರಿಗೆ ಎಂದು. ಕೇಳಿಸಿಕೊಂಡೂ ನಾನು ಹಿಂದುಮುಂದು ಮಾಡಿದೆ. ಕ್ಷಮಿಸಿ ಎಂದೆ. ಅವರು ಎದ್ದು ಒಳಗೆ ಹೋಗಿ ಊಟಕ್ಕೆ ಎಲೆ ಹಾಕಿದರು. ಬೇಡವೆಂದರೂ ಕೇಳಲಿಲ್ಲ. ಬಡಿಸುವಾಗ ಅವರ ಕೈ ಮತ್ತೆ ಹಳೆಯ ಕೈ ಆಗಿತ್ತು, ಉಪ್ಪಿಗೆ ಎರಡನೇ ಸಲ ಹೋಗಲಿಲ್ಲ.

ಉಂಡು ಹೊರಟಾಗ ಗೇಟಿನವರೆಗೆ ಬಂದರು. ಕೊಡೆ ಮರೆತಿದ್ದೆ, ತಂದುಕೊಟ್ಟರು. ನಾನು, ಬರುತ್ತೇನೆ ಚೇಚಿ, ಮುಂದಿನ ವಾರ ಬರುತ್ತೇನೆ ಎಂದೆ. ಚಿಲಕ ಹಾಕುತ್ತಾ ಅವರು ಹೇಳಿದರು.

"ಇನಿ ವರೇಂಡ ಮೋನೇ."

ಮಲಯಾಳದಲ್ಲಿ ವರೇಂಡ ಎಂಬುದು ಒಂದೇ ಪದ. ಇನ್ನು ಬರಬೇಡ ಎನ್ನುವುದಕ್ಕೂ ಅದೇ, ಇನ್ನು ಬರಬೇಕೆಂದೇನೂ ಇಲ್ಲ ಎನ್ನುವುದಕ್ಕೂ ಅದೇ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿದೆ, ಒಂದು ಬಾಗಿಲು ಮುಚ್ಚುತ್ತದೆ, ಇನ್ನೊಂದು ಮುಚ್ಚುವುದಿಲ್ಲ. ಮಲಯಾಳದವರು ಸ್ವರದಲ್ಲಿ ತಿಳಿದುಕೊಳ್ಳುತ್ತಾರೆ. ಚೇಚಿಯ ಸ್ವರದಲ್ಲಿ ಸಿಟ್ಟಿರಲಿಲ್ಲ, ಅಷ್ಟು ಹೇಳಬಲ್ಲೆ. ಬಸ್ಸಿನಲ್ಲಿ ಕೂತು ಎರಡು ತರದಲ್ಲೂ ಹೇಳಿ ನೋಡಿಕೊಂಡೆ. ನನ್ನ ಪ್ರಾಜೆಕ್ಟು ಮುಗಿದು ಕೊಚ್ಚಿಗೆ ಬಂದ ಮೇಲೂ ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದೇನೆ. ಎರಡರಲ್ಲಿ ಯಾವುದು ಎಂದು ತಿಳಿಯಬೇಕಾದರೆ ಇನ್ನೊಮ್ಮೆ ಆ ಗೇಟಿನ ಮುಂದೆ ಹೋಗಿ ನಿಲ್ಲಬೇಕಿತ್ತು. ನಾನು ಹೋಗಲಿಲ್ಲ.